ಆಸ್ಪತ್ರೆಯಿಂದ ಫೋನ್ ಬಂದರೆ ಎತ್ತಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಒಬ್ಬರು ಬರೆದಿದ್ದರು. ದೊಡ್ಡ ಆಸ್ಪತ್ರೆಗಳಲ್ಲಿ ಸಂಶೋಧನೆ ಅನ್ನೋ ಹೆಸರಲ್ಲಿ ಬಡ ರೋಗಿಗಳನ್ನು ಇಲಿ, ಮೊಲ ಮಾಡಿಕೊಂಡಿದ್ದಾರೆ, ಡಾಕ್ಟರು ಯಾವ ಕಾಗದ ಕೊಟ್ಟರೂ ಸಹಿ ಹಾಕಬೇಡಿ ಅಂತ. ಅವರ ಸಿಟ್ಟಿಗೆ ಕಾರಣವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ 31 ವರ್ಷ ಎಕ್ಸ್‌-ರೇ ತೆಗೆದು ನಿವೃತ್ತನಾದವನು. ಸಹಿ ಹಾಕಿಸಿಕೊಳ್ಳುವವರನ್ನೂ ನೋಡಿದ್ದೇನೆ, ಹೆಬ್ಬೆಟ್ಟು ಒತ್ತುವವರನ್ನೂ ನೋಡಿದ್ದೇನೆ. ನನ್ನ ತಕರಾರು ಸಹಿ ಆದ ಮೇಲಿನದು. ರೋಗಿ ಡಿಸ್ಚಾರ್ಜ್ ಆಗಿ ಊರಿಗೆ ಹೋದರೆ ತಿರುಗಿ ಬರುವುದಿಲ್ಲ, ಆಸ್ಪತ್ರೆಯವರೂ ನಿಮ್ಮಿಂದ ನಮಗೆ ಏನು ತಿಳಿಯಿತು ಅಂತ ಒಂದು ಮಾತು ಹೇಳುವುದಿಲ್ಲ. ನಮ್ಮ ಕಡೆಯ ಅರ್ಧ ಸಂಶೋಧನೆ ಬಸ್ ಸ್ಟ್ಯಾಂಡಿನಲ್ಲೇ ಕಳೆದುಹೋಗುತ್ತದೆ.

ಪತ್ರ ಉದ್ದ ಆಗಿದೆ. ಜಾಗ ಇಲ್ಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ, ಬೇಜಾರಿಲ್ಲ.

ನಾನಿರುವುದು ಚಿತ್ರದುರ್ಗದ ಹತ್ತಿರ. ಬೆಂಗಳೂರು–ಪುಣೆ ಹೆದ್ದಾರಿ ಪಕ್ಕದಲ್ಲೇ ಇದೆ. ದಾವಣಗೆರೆಗೆ ಸುಮಾರು 60 ಕಿಲೋಮೀಟರ್, ಬೆಂಗಳೂರಿಗೆ 200. ಹೆದ್ದಾರಿ ಪಕ್ಕದ ಊರುಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರೆ ಏನು ಬಂದಿರುತ್ತದೆ ಅಂತ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಇದು ಕೇಂದ್ರ ಸಾರಿಗೆ ಇಲಾಖೆಯದೇ ಲೆಕ್ಕ. ಬದುಕಿ ಉಳಿದು, ಬೆನ್ನು ಮುರಿದುಕೊಂಡು, ಕಾಲು ಕಳೆದುಕೊಂಡು ಮನೆಯಲ್ಲಿ ಮಲಗಿದವರು ಈ ಲೆಕ್ಕದಲ್ಲಿ ಇಲ್ಲ.

ಒಂದು ಕುತ್ತಿಗೆ ಎಕ್ಸ್‌-ರೇ ಹೇಗೆ ತೆಗೆಯುತ್ತೇವೆ ಅಂತ ಹೇಳುತ್ತೇನೆ ಕೇಳಿ, ಆಮೇಲೆ ವಿಷಯಕ್ಕೆ ಬರುತ್ತೇನೆ. ಬೈಕಿಂದ ಬಿದ್ದವನನ್ನು ಸ್ಟ್ರೆಚರ್ ಮೇಲೆ ತಂದಿರುತ್ತಾರೆ. ಕುತ್ತಿಗೆಗೆ ಕಾಲರ್ ಹಾಕಿರುತ್ತಾರೆ, ಇಲ್ಲವೇ ಎರಡೂ ಕಡೆ ಟವೆಲ್ ಸುತ್ತಿ ಇಟ್ಟಿರುತ್ತಾರೆ. ಅವನನ್ನು ಹೊರಳಿಸುವ ಹಾಗಿಲ್ಲ. ಮಲಗಿದ ಹಾಗೇ ಪಕ್ಕದಿಂದ ತೆಗೆಯಬೇಕು. ಕುತ್ತಿಗೆಯಲ್ಲಿ ಮೂಳೆ ಏಳು. ಆ ಏಳೂ ಕಾಣಬೇಕು, ಅದರ ಕೆಳಗೆ ಎದೆಯ ಮೊದಲನೇ ಮೂಳೆಯ ತಲೆಯೂ ಕಾಣಬೇಕು. ಹಮಾಲಿ ಮಾಡುವವರ ಹೆಗಲು ಅಡ್ಡ ಬರುತ್ತದೆ. ಐದರ ತನಕ ಚೆನ್ನಾಗಿ ಬಂದಿರುತ್ತದೆ, ಆರು ಏಳು ಬಿಳೀ ಮೋಡದೊಳಗೆ ಸೇರಿಕೊಂಡಿರುತ್ತದೆ. ಆಗ ಒಬ್ಬರು ಸೀಸದ ಏಪ್ರನ್ ಹಾಕಿಕೊಂಡು ಕಾಲಿನ ಕಡೆ ನಿಂತು ಅವನ ಎರಡೂ ಕೈ ಹಿಡಿದು ಮೆಲ್ಲಗೆ ಕೆಳಗೆ ಎಳೆಯಬೇಕು. ಹಾಗೂ ಕಾಣದಿದ್ದರೆ ಒಂದು ಕೈಯನ್ನು ತಲೆ ಮೇಲಕ್ಕೆ ಎತ್ತಿಸಿ, ಈಜುವವರ ಭಂಗಿಯಲ್ಲಿ ಇನ್ನೊಂದು ತೆಗೆಯಬೇಕು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಫಿಲ್ಮನ್ನು ಕತ್ತಲೆ ರೂಮಲ್ಲಿ ಡೆವಲಪರ್‌ಗೆ ಅದ್ದಿ, ತೊಳೆದು, ಫಿಕ್ಸರ್‌ಗೆ ಹಾಕಿ, ನೀರು ತೊಟ್ಟಿಕ್ಕುವ ಫಿಲ್ಮನ್ನೇ ಎತ್ತಿ ಹಿಡಿದು ಡಾಕ್ಟರಿಗೆ ತೋರಿಸುತ್ತಿದ್ದೆ. ಏಳನೇ ಮೂಳೆ ಕಾಣಲಿಲ್ಲ ಅಂದರೆ ಮೊದಲಿಂದ ಎಲ್ಲ ಮತ್ತೆ.

ಈಗ ಪ್ರಶ್ನೆ, ಬಿದ್ದವರೆಲ್ಲರಿಗೂ ಈ ಕುತ್ತಿಗೆ ಎಕ್ಸ್‌-ರೇ ಬೇಕಾ? ಇದನ್ನು ಕೆನಡಾದವರು ಕೂತು ನೋಡಿದರು. 10 ಆಸ್ಪತ್ರೆಗಳ ತುರ್ತು ವಿಭಾಗ, 8,924 ರೋಗಿಗಳು. ಎಲ್ಲರೂ ಎಚ್ಚರ ಇದ್ದವರು, ತಲೆಗೋ ಕುತ್ತಿಗೆಗೋ ಪೆಟ್ಟು ತಿಂದವರು. ಅಷ್ಟು ಜನರಲ್ಲಿ ಗಂಭೀರ ಕುತ್ತಿಗೆ ಪೆಟ್ಟು ಇದ್ದದ್ದು 151 ಜನಕ್ಕೆ. ಅದರಿಂದ 2001ರಲ್ಲಿ ಒಂದು ನಿಯಮ ಬಂತು. ವಯಸ್ಸು 65 ಅಥವಾ ಅದಕ್ಕಿಂತ ಜಾಸ್ತಿಯಾ, ಎತ್ತರದಿಂದ ಬಿದ್ದದ್ದೋ ಅಥವಾ ಜೋರಾದ ಅಪಘಾತವೋ, ಕೈಕಾಲು ಜೋಮು ಹಿಡಿದಿದೆಯಾ, ಇದರಲ್ಲಿ ಒಂದಿದ್ದರೂ ಎಕ್ಸ್‌-ರೇ ತೆಗೆಯಿರಿ. ಇಲ್ಲದಿದ್ದರೆ ಇನ್ನೂ ಕೆಲವು ಗುರುತು ನೋಡಿ, ಕೊನೆಗೆ ಕುತ್ತಿಗೆಯನ್ನು ಎಡಕ್ಕೂ ಬಲಕ್ಕೂ 45 ಡಿಗ್ರಿ ತಾನಾಗಿ ತಿರುಗಿಸುತ್ತಾನಾ ನೋಡಿ, ತಿರುಗಿಸಿದರೆ ಎಕ್ಸ್‌-ರೇ ಬೇಡ. (ದಯವಿಟ್ಟು ಯಾರೂ ಇದನ್ನು ರಸ್ತೆ ಮೇಲೆ ಬಿದ್ದವನ ಮೇಲೆ ಪ್ರಯೋಗ ಮಾಡಬೇಡಿ. ಅದು ಡಾಕ್ಟರ ಕೆಲಸ. ರಸ್ತೆಯಲ್ಲಿ ಬಿದ್ದವನ ಕುತ್ತಿಗೆ ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ, ಅಷ್ಟು ಸಾಕು. ಆಟೋದಲ್ಲಿ ಮಡಚಿ ಕೂರಿಸಿಕೊಂಡು ತಂದವರನ್ನು ಕಂಡು ನನ್ನ ಹೊಟ್ಟೆ ಎಷ್ಟು ಸಲ ಉರಿದಿದೆಯೋ.)

ನಾನು ಇದನ್ನು ಯಾಕೆ ಹೇಳಿದೆ ಅಂದರೆ, ಅಲ್ಲಿ ಎಕ್ಸ್‌-ರೇ ತೆಗೆಯದೆ ಮನೆಗೆ ಕಳಿಸಿದವರೂ ಇದ್ದರಲ್ಲ, ಅವರ ಕುತ್ತಿಗೆ ನಿಜವಾಗಿಯೂ ಸರಿ ಇತ್ತು ಅಂತ ಹೇಗೆ ಗೊತ್ತಾಯಿತು? 14 ದಿನ ಬಿಟ್ಟು ಫೋನ್ ಮಾಡಿ ಕೇಳಿದರು. ನೋವು ಹೇಗಿದೆ, ಕುತ್ತಿಗೆ ತಿರುಗುತ್ತದಾ, ಕೆಲಸಕ್ಕೆ ಹೋಗುತ್ತಿದ್ದೀರಾ ಅಂತ. ಅನುಮಾನ ಬಂದರೆ ಕರೆಸಿ ಎಕ್ಸ್‌-ರೇ ತೆಗೆದರು. ಅಲ್ಲಿನ ಜನ ಫೋನ್ ಎತ್ತಿದ್ದಕ್ಕೆ ಇವತ್ತು ಜಗತ್ತಿನ ಎಷ್ಟೋ ಕಡೆ ಸುಮ್ನೆ ಎಕ್ಸ್‌-ರೇ ತೆಗೆಯುವುದು ತಪ್ಪಿದೆ.

ನಮ್ಮವರು ಫೋನ್ ಎತ್ತುವುದಿಲ್ಲ. ಎತ್ತಿದರೂ ‘ರಾಂಗ್ ನಂಬರ್’ ಅಂತ ಇಡುತ್ತಾರೆ. ಬಿಲ್ ಬಾಕಿ ಕೇಳುತ್ತಾರೆ ಅಂತ ಹೆದರಿಕೆ. ಅದರಲ್ಲಿ ಅವರ ತಪ್ಪೂ ಪೂರ್ತಿ ಇಲ್ಲ, ಆಸ್ಪತ್ರೆಯಿಂದ ಬೇರೆ ಯಾವ ಕಾರಣಕ್ಕೆ ಯಾರು ಯಾವತ್ತು ಫೋನ್ ಮಾಡಿದ್ದಾರೆ ಹೇಳಿ?

ಇನ್ನೊಂದು ಉದಾಹರಣೆ ಕೊಡುತ್ತೇನೆ, ಇದರಲ್ಲಿ ನಮ್ಮ ದೇಶದ ಆಸ್ಪತ್ರೆಗಳೂ ಇದ್ದವು. ಟ್ರಾನೆಕ್ಸಾಮಿಕ್ ಆಸಿಡ್ ಅಂತ ಒಂದು ಔಷಧಿ. ಹೆಂಗಸರಿಗೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋದರೆ ಕೊಡುವ ಮಾತ್ರೆ ಇದೆಯಲ್ಲ, ಅದೇ. ಜಪಾನಿನ ಉತಾಕೊ ಒಕಾಮೊಟೊ ಎಂಬ ಡಾಕ್ಟರಮ್ಮ ಮತ್ತು ಅವರ ಗಂಡ 1960ರ ದಶಕದಲ್ಲಿ ಕಂಡುಹಿಡಿದದ್ದು. ಅಪಘಾತದಲ್ಲಿ ರಕ್ತ ಹೋಗುತ್ತಿರುವವರಿಗೆ ಇದನ್ನೇ ಇಂಜೆಕ್ಷನ್ ಕೊಟ್ಟರೆ ಹೇಗೆ ಅಂತ 40 ದೇಶಗಳ 274 ಆಸ್ಪತ್ರೆಗಳಲ್ಲಿ ನೋಡಿದರು. ಕ್ರಾಶ್-2 ಅಂತ ಅದರ ಹೆಸರು. ಒಟ್ಟು 20,211 ಜನ. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಉಪ್ಪುನೀರು, ಯಾರಿಗೆ ಯಾವುದು ಅಂತ ಕೊಡುವ ಡಾಕ್ಟರಿಗೂ ಗೊತ್ತಿಲ್ಲ. 2010ರಲ್ಲಿ ಉತ್ತರ ಬಂತು. ಉಪ್ಪುನೀರು ಹೋದವರಲ್ಲಿ ನಾಲ್ಕು ವಾರದೊಳಗೆ ಸಾವಿರಕ್ಕೆ 160 ಜನ ಸತ್ತರು, ಔಷಧಿ ಹೋದವರಲ್ಲಿ 145. ಸಾವಿರಕ್ಕೆ 15 ಜೀವ, ಅದೂ ತುಂಬಾ ಅಗ್ಗದ ಔಷಧಿಯಿಂದ. ಮುಂದೆ ಅದೇ ಲೆಕ್ಕ ಬಿಡಿಸಿ ನೋಡಿದಾಗ, ಪೆಟ್ಟು ಬಿದ್ದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಲಾಭ, ಆಮೇಲೆ ಕೊಟ್ಟರೆ ಕೆಡುಕೇ ಜಾಸ್ತಿ ಅಂತಲೂ ಗೊತ್ತಾಯಿತು. ಹೆದ್ದಾರಿ ಪಕ್ಕದ ನಮಗೆ ಈ ಮೂರು ಗಂಟೆಯ ಮಾತು ಎಷ್ಟು ದೊಡ್ಡದು ನೋಡಿ. ಮೊದಲು ಸಿಗುವ ಆಸ್ಪತ್ರೆಯಲ್ಲೇ ಕೊಡಬೇಕು, ದೊಡ್ಡ ಊರು ಮುಟ್ಟುವ ಹೊತ್ತಿಗೆ ಗಡಿಯಾರ ದಾಟಿರುತ್ತದೆ.

ಇದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ ಒಂದು ಸಂಖ್ಯೆ. 20,211 ಜನರಲ್ಲಿ 20,127 ಜನರ ಫಲಿತಾಂಶ ಅವರ ಲೆಕ್ಕಕ್ಕೆ ಸಿಕ್ಕಿತು. ಬಿಟ್ಟುಹೋದವರು 84 ಜನ ಅಷ್ಟೇ. ಹೇಗೆ ಸಾಧ್ಯವಾಯಿತು ಅಂದರೆ, ರೋಗಿ ಆಸ್ಪತ್ರೆಯಲ್ಲಿ ಇರುವಾಗಲೇ ಮುಗಿಯುವ ಪ್ರಶ್ನೆ ಕೇಳಿದ್ದರು. ಬದುಕಿದನಾ, ಸತ್ತನಾ, ಮನೆಗೆ ಹೋದನಾ, ಇಲ್ಲವೇ ನಾಲ್ಕು ವಾರಕ್ಕೆ ಇನ್ನೂ ವಾರ್ಡಿನಲ್ಲೇ ಇದ್ದಾನಾ. ಮನೆಗೆ ಹೋದವನನ್ನು ಹುಡುಕಿಕೊಂಡು ಹೋಗುವ ತಾಪತ್ರಯವೇ ಇಲ್ಲ.

ಇದೇ ಗುಂಪಿನ ಮೊದಲ ಅಧ್ಯಯನವನ್ನೂ ಹೇಳಿಬಿಡುತ್ತೇನೆ, ‘ಇಲಿ’ ಅಂದವರಿಗೆ ಇದು ಉತ್ತರ. ತಲೆಗೆ ಪೆಟ್ಟು ಬಿದ್ದವರಿಗೆ ಸ್ಟೀರಾಯ್ಡ್ ಕೊಡುವುದು 30 ವರ್ಷಕ್ಕೂ ಜಾಸ್ತಿ ನಡೆದಿತ್ತು. ಬಾವು ಇಳಿಯುತ್ತದೆ ಅಂತ ನಂಬಿಕೆ. 2004ರಲ್ಲಿ 10,008 ಜನರ ಲೆಕ್ಕ ಹಾಕಿ ನೋಡಿದರೆ, ಸ್ಟೀರಾಯ್ಡ್ ಕೊಟ್ಟವರಲ್ಲಿ ಎರಡು ವಾರದೊಳಗೆ ಸತ್ತವರು ಶೇಕಡ 21.1, ಕೊಡದವರಲ್ಲಿ 17.9. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಅಂದರೆ ಸಂಶೋಧನೆ ಮಾಡದೇ ಇದ್ದಾಗಲೇ ನಾವು ಇಲಿಗಳಾಗಿದ್ದೆವು, ಲೆಕ್ಕ ಇಡುವವರು ಮಾತ್ರ ಯಾರೂ ಇರಲಿಲ್ಲ.

ಬೆನ್ನಿನ ವಿಷಯದಲ್ಲಿ ಹೀಗೆ ರೋಗಿ ಆಸ್ಪತ್ರೆಯಲ್ಲಿ ಇರುವಾಗಲೇ ಉತ್ತರ ಸಿಗುವುದಿಲ್ಲ. ಬೆನ್ನಿಗೆ ಸ್ಕ್ರೂ ರಾಡ್ ಹಾಕಿದರೆ ಮೂಳೆ ಕೂಡಲು ತಿಂಗಳುಗಟ್ಟಲೆ ಬೇಕು. ಆಪರೇಷನ್ ಆದ ನಾಲ್ಕನೇ ದಿನ ನಡೆದು ಮನೆಗೆ ಹೋದವನು ವರ್ಷ ಬಿಟ್ಟು ಹೇಗಿದ್ದಾನೆ ಅನ್ನುವುದೇ ಮುಖ್ಯ. ಆರು ವಾರ, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ, ಎರಡು ವರ್ಷ, ಹೀಗೆ ನೋಡಬೇಕು. ಅಲ್ಲಿಯೇ ನಮ್ಮ ಕಥೆ ಕೈಕೊಡುವುದು.

ಲೆಕ್ಕಕ್ಕೆ ಹೇಳುತ್ತೇನೆ. ನೂರು ಜನಕ್ಕೆ ಆಪರೇಷನ್ ಆಯಿತು ಅಂದುಕೊಳ್ಳಿ. ವರ್ಷಕ್ಕೆ ಬಂದವರು 60, ಅದರಲ್ಲಿ 54 ಜನ ಆರಾಮಾಗಿದ್ದಾರೆ. ಶೇಕಡ 90 ಗುಣ ಅಂತ ಬರೆದುಬಿಡುತ್ತಾರೆ, ಬೋರ್ಡಿಗೂ ಹಾಕಿಕೊಳ್ಳಬಹುದು. ಬಾರದ 40 ಜನ ಎಲ್ಲಿ? ಎಲ್ಲರೂ ಚೆನ್ನಾಗಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದರೆ ಗುಣ ಆದವರು 94. ಎಲ್ಲರೂ ನೋವು ತಡೆಯದೆ ಬೇರೆ ಆಸ್ಪತ್ರೆಗೋ ಪುತ್ತೂರು ಕಟ್ಟಿಗೋ ಹೋಗಿದ್ದರೆ ಗುಣ ಆದವರು ಬರೀ 54. 94 ಎಲ್ಲಿ, 54 ಎಲ್ಲಿ! ಬಂದ 60 ಜನ ಹೇಳಿದ್ದರ ಬೆಲೆಯೂ ಬಾರದ 40 ಜನರ ಕೈಯಲ್ಲಿದೆ.

ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ನಡೆಯುವ ಸಂಶೋಧನೆ ಮುಕ್ಕಾಲುಪಾಲು ಪಿ.ಜಿ. ಡಾಕ್ಟರುಗಳ, ಅಂದರೆ ಎಂಬಿಬಿಎಸ್ ಮುಗಿಸಿ ಮುಂದೆ ಓದುವವರ, ಥೀಸಿಸ್ (ಪ್ರಬಂಧ). ಎಂ.ಎಸ್. ಆರ್ಥೋ (ಮೂಳೆ ವಿಭಾಗ) ಆಗಲಿ, ಎಂ.ಡಿ. ರೇಡಿಯಾಲಜಿ ಆಗಲಿ, ಕೋರ್ಸು ಮೂರು ವರ್ಷ. ಮೊದಲ ವರ್ಷ ವಿಷಯ ಹುಡುಕಿ, ಗೈಡ್ ಹತ್ತಿರ ಬೈಸಿಕೊಂಡು, ಎಥಿಕ್ಸ್ ಕಮಿಟಿ ಒಪ್ಪಿಗೆ ತೆಗೆದುಕೊಳ್ಳುವುದರಲ್ಲಿ ಹೋಗುತ್ತದೆ. ಕೊನೇ ಪರೀಕ್ಷೆಗೆ ಆರು ತಿಂಗಳು ಮೊದಲೇ ಪುಸ್ತಕ ಬೈಂಡ್ ಆಗಿ ಹೋಗಬೇಕು. ಮಧ್ಯೆ ಉಳಿಯುವುದು ಒಂದೂವರೆ ವರ್ಷ ಆಸುಪಾಸು. ಆ ಒಂದೂವರೆ ವರ್ಷದಲ್ಲೇ ರೋಗಿ ಸಿಗಬೇಕು, ಆಪರೇಷನ್ ಆಗಬೇಕು, ಫಾಲೋ ಅಪ್ಪೂ ಮುಗಿಯಬೇಕು. ಎರಡು ವರ್ಷದ ಫಲಿತಾಂಶ ಎಲ್ಲಿಂದ ತರುತ್ತಾನೆ ಪಾಪ ಆ ಹುಡುಗ? ಓದು, ಡ್ಯೂಟಿ, ಎಮರ್ಜೆನ್ಸಿ ನಡುವೆ ಅವನು ರಾತ್ರಿ ಹತ್ತಕ್ಕೆ ವಾರ್ಡಿನ ಮೂಲೆಯಲ್ಲಿ ಕೂತು ಒಂದೊಂದೇ ನಂಬರಿಗೆ ಫೋನ್ ಹಚ್ಚುವುದನ್ನು ನಾನು ನೋಡಿದ್ದೇನೆ. ಸ್ವಿಚ್ ಆಫ್, ಸ್ವಿಚ್ ಆಫ್, ಅಸ್ತಿತ್ವದಲ್ಲಿಲ್ಲ, ಸ್ವಿಚ್ ಆಫ್.

ಒಮ್ಮೆ ಒಬ್ಬ ಅಜ್ಜಿ ಬಂದರು, ಹೊಸದುರ್ಗದ ಕಡೆಯವರು. ಬೆನ್ನಿನ ಆಪರೇಷನ್ ಆಗಿ ಮೂರು ತಿಂಗಳು. ಎಕ್ಸ್‌-ರೇಗೆ ಕರೆದುಕೊಂಡು ಬಂದ ಪಿ.ಜಿ. ಹುಡುಗ ಅಲ್ಲೇ ಬೆಂಚಿನ ಮೇಲೆ ಕೂರಿಸಿ ಕೇಳಿದ.

“ಅಜ್ಜಿ, ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಹೇಳಿ. ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ತಡೆಯೋಕೇ ಆಗಲ್ಲ.”

ಅಜ್ಜಿ ಯೋಚನೆ ಮಾಡಿದರು. “ಮೊದ್ಲು ಹದಿನಾರಾಣೆ ಇತ್ತಪ್ಪ. ಈಗ ಎಂಟಾಣೆ ಐತೆ.”

ಹುಡುಗನಿಗೆ ಆಣೆ ಲೆಕ್ಕ ಗೊತ್ತಿಲ್ಲ. ಎಂಟು ಅಂತ ಬರೆಯಲು ಹೊರಟ. ನಾನು ತಡೆದೆ. “ಐದು ಅಂತ ಬರೀರಿ ಡಾಕ್ಟ್ರೇ. ಹದಿನಾರಕ್ಕೆ ಎಂಟು, ಅಂದ್ರೆ ಅರ್ಧ.” ನಾನು ಅಲ್ಲಿ ಇಲ್ಲದಿದ್ದರೆ ಅಜ್ಜಿಯ ನೋವು ಥೀಸಿಸ್‌ನಲ್ಲಿ ಒಂದೇ ಏಟಿಗೆ ಮೂರು ಅಂಕ ಏರಿಬಿಡುತ್ತಿತ್ತು.

ಬೆನ್ನುನೋವಿಗೆ ಇನ್ನೊಂದು ಪ್ರಶ್ನೆಪಟ್ಟಿ ಇದೆ, ಆಸ್ವೆಸ್ಟ್ರಿ ಅಂತ. ಇಂಗ್ಲೆಂಡಿನ ಒಂದು ಊರಿನ ಹೆಸರು ಅದು, 1980ರಲ್ಲಿ ಬಂದದ್ದು, ಇವತ್ತಿಗೂ ಜಗತ್ತೆಲ್ಲ ಅದನ್ನೇ ಬಳಸುತ್ತದೆ. ಹತ್ತು ಭಾಗ, ಒಂದೊಂದಕ್ಕೂ ಐದರವರೆಗೆ ಅಂಕ. ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರುತ್ತೀರಿ ಅಂತ ಕೇಳುತ್ತದೆ. ಎಷ್ಟು ಮೈಲಿ ನಡೆಯುತ್ತೀರಿ ಅಂತ ಕೇಳುತ್ತದೆ. ಅಜ್ಜಿ ಕುರ್ಚಿ ಮೇಲೆ ಕೂತದ್ದೇ ಆಸ್ಪತ್ರೆಯಲ್ಲಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ರೊಟ್ಟಿ ತಟ್ಟಲು ಆಗುತ್ತದಾ, ಬಯಲಿಗೆ ಹೋದರೆ ಕುಕ್ಕರಗಾಲಲ್ಲಿ ಕೂತು ಏಳಲು ಆಗುತ್ತದಾ, ಕೊಡ ಸೊಂಟದ ಮೇಲೆ ಇಡಲು ಆಗುತ್ತದಾ, ಅವರಿಗೆ ಬೇಕಾದ ಪ್ರಶ್ನೆ ಇವು. ದಾಂಪತ್ಯದ ಬಗ್ಗೆಯೂ ಒಂದು ಪ್ರಶ್ನೆ ಇದೆ ಅದರಲ್ಲಿ. 26 ವರ್ಷದ ಹುಡುಗ 64 ವರ್ಷದ ಅಜ್ಜಿಗೆ, ಮಗ ಸೊಸೆ ಎದುರಿಗೆ, ಅದನ್ನು ಹೇಗೆ ಕೇಳಿಯಾನು! ಆ ಪುಟ ಮಗುಚಿ ಮುಂದೆ ಹೋದ. ಸರಿಯಾಗಿಯೇ ಮಾಡಿದ.

ಅಜ್ಜಿ ಆರು ತಿಂಗಳಿಗೆ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಊಹಿಸುವುದು ಕಷ್ಟವಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಚಾರ್ಜ್ ಇಲ್ಲ, ಅದು ಆಗ ಇರಲಿಲ್ಲ. ಈಗಲೂ ಅಜ್ಜಿ ಜೊತೆ ಬರುವ ಮಗನಿಗೆ ಟಿಕೆಟ್ ಇದೆ. ಅವನ ಒಂದು ದಿನದ ಕೂಲಿ ಹೋಗುತ್ತದೆ. ಓಪಿಡಿ ಚೀಟಿ ಮಾಡಿಸಲು ಒಂದು ಸಾಲು, ಎಕ್ಸ್‌-ರೇಗೆ ಒಂದು ಸಾಲು, ರಿಪೋರ್ಟಿಗೆ ಇನ್ನೊಂದು. ಅಷ್ಟು ಹೊತ್ತಿಗೆ ದೊಡ್ಡ ಡಾಕ್ಟರು ಆಪರೇಷನ್ ಥಿಯೇಟರಿಗೆ ಹೋಗಿರುತ್ತಾರೆ, ನಾಳೆ ಬನ್ನಿ. ಚೆನ್ನಾಗಿದ್ದರೆ ಯಾಕೆ ಬರಬೇಕು, ಚೆನ್ನಾಗಿಲ್ಲದಿದ್ದರೆ ಮತ್ತೆ ಇಲ್ಲಿಗೇ ಯಾಕೆ ಬರಬೇಕು, ಅಲ್ವಾ?

ಆದರೆ ಇದಕ್ಕೆ ದಾರಿ ಇದೆ, ಅದೂ ನಿಯಮದಲ್ಲೇ ಇದೆ. ಐಸಿಎಂಆರ್‌ನವರು (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಯ ಪ್ರಕಾರ ಅಧ್ಯಯನಕ್ಕೆ ಅಂತ ಬರುವವರಿಗೆ ಹೋಗಿಬರುವ ಖರ್ಚು, ತಪ್ಪಿದ ಕೂಲಿ ಕೊಡಬಹುದು. ಅಧ್ಯಯನಕ್ಕೆ ಅಂತಲೇ ಹೆಚ್ಚಿಗೆ ಮಾಡಿಸುವ ಸ್ಕ್ಯಾನಿಂಗ್, ರಕ್ತ ಪರೀಕ್ಷೆಗೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಒಪ್ಪಿಗೆ ಪತ್ರ ರೋಗಿಗೆ ಗೊತ್ತಿರುವ ಭಾಷೆಯಲ್ಲಿ ಇರಬೇಕು. ಓದು ಬಾರದವರಿಗೆ ಓದಿ ಹೇಳುವಾಗ ಆ ಅಧ್ಯಯನಕ್ಕೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಇರಬೇಕು. ಯಾವಾಗ ಬೇಕಾದರೂ ‘ನಾನು ಇದರಲ್ಲಿ ಇರಲ್ಲ’ ಅನ್ನಬಹುದು, ಹಾಗಂದರೆ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಪ್ರಜ್ಞೆ ಇಲ್ಲದೆ ಬಂದವನ ಪರವಾಗಿ ಮನೆಯವರು ಒಪ್ಪಿದ್ದರೂ, ಎಚ್ಚರ ಆದ ಮೇಲೆ ಅವನನ್ನೇ ಕೇಳಬೇಕು. ಔಷಧಿ ಪರೀಕ್ಷೆಯಾದರೆ ಸಿಟಿಆರ್‌ಐ ಅಂತ 2007ರಿಂದ ನಡೆಯುತ್ತಿರುವ ಸರ್ಕಾರಿ ನೋಂದಣಿ ಇದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಇಷ್ಟೆಲ್ಲ ಇದ್ದೂ ಪಿ.ಜಿ. ಥೀಸಿಸ್‌ಗೆ ಬಸ್ ಚಾರ್ಜ್ ಅಂತ ಒಂದು ರೂಪಾಯಿ ತೆಗೆದಿಟ್ಟದ್ದನ್ನು ನಾನು ನನ್ನ ಸರ್ವಿಸಿನಲ್ಲಿ ನೋಡಲಿಲ್ಲ. ಹುಡುಗರು ಜೇಬಿನಿಂದ ಕೊಟ್ಟದ್ದನ್ನು ನೋಡಿದ್ದೇನೆ.

ಬೇರೆ ಥರ ಆಗುತ್ತದೆ ಅನ್ನುವುದಕ್ಕೆ ತುಂಬಾ ದೂರ ಹೋಗಬೇಕಿಲ್ಲ. ಕೊಯಮತ್ತೂರಿನ ಗಂಗಾ ಆಸ್ಪತ್ರೆ ಇದೆಯಲ್ಲ, ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ. ಲಾರಿ ಹತ್ತಿ ಕಾಲಿನ ಮೂಳೆ, ಮಾಂಸ, ಚರ್ಮ ಎಲ್ಲ ಕಿತ್ತು ಬಂದವನ ಕಾಲನ್ನು ಉಳಿಸಬೇಕಾ, ತೆಗೆಯಬೇಕಾ? ಮೊದಲು ಅಮೆರಿಕದಲ್ಲಿ ಮಾಡಿದ ಒಂದು ಅಂಕಪಟ್ಟಿ ನೋಡಿ ತೀರ್ಮಾನ ಮಾಡುತ್ತಿದ್ದರು. ಗಂಗಾದ ಡಾ. ರಾಜಶೇಖರನ್ ಮತ್ತು ಅವರ ಜೊತೆಯವರು ತಮ್ಮಲ್ಲಿಗೇ ಬಂದ 109 ಮೊಣಕಾಲ ಕೆಳಗಿನ ಗಾಯಗಳನ್ನು ನೋಡಿ, ಚರ್ಮಕ್ಕೆ ಇಷ್ಟು, ಮೂಳೆಗೆ ಇಷ್ಟು, ಸ್ನಾಯುಗಳಿಗೆ ಇಷ್ಟು, ರೋಗಿಗೆ ಸಕ್ಕರೆ ಕಾಯಿಲೆಯಂಥದ್ದು ಇದ್ದರೆ ಇಷ್ಟು ಅಂತ ಅಂಕ ಕೊಟ್ಟು 2006ರಲ್ಲಿ ತಮ್ಮದೇ ಪಟ್ಟಿ ಹೊರತಂದರು. 14 ಅಥವಾ ಅದಕ್ಕಿಂತ ಕಮ್ಮಿ ಆದರೆ ಉಳಿಸಲು ನೋಡಿ, 17 ಮುಟ್ಟಿದರೆ ತೆಗೆಯುವ ಯೋಚನೆ ಮಾಡಿ, ಮಧ್ಯದವರನ್ನು ಅನುಭವ ಇದ್ದವರು ಕೂತು ನೋಡಿ. ಗಂಗಾ ಸ್ಕೋರ್ ಅಂತ ಹೊರದೇಶದ ಡಾಕ್ಟರುಗಳೂ ಈಗ ಅದನ್ನು ಬಳಸುತ್ತಾರೆ. 109 ಜನ, ಅಷ್ಟೇ. ಲಕ್ಷಾಂತರ ರೋಗಿಗಳು ಬೇಕಿಲ್ಲ, ಇದ್ದವರ ಕಾಲು ಕೊನೆಗೆ ಏನಾಯಿತು ಅಂತ ಬಿಡದೆ ನೋಡಿದ್ದರೆ ಸಾಕು.

ನಮ್ಮ ರೇಡಿಯಾಲಜಿಯವರ ಕಥೆಯನ್ನೂ ಬಿಡುವುದಿಲ್ಲ. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ, ಹೆಸರು ಬೇಡ, ಹಳೇ ಎಕ್ಸ್‌-ರೇ ಫಿಲ್ಮುಗಳ ಒಂದು ಕೋಣೆ ಇತ್ತು. ಹನ್ನೆರಡು ವರ್ಷದ ಫಿಲ್ಮು, ಕಂದು ಕವರಿನಲ್ಲಿ, ಮೇಲೆ ನಂಬರು. ಬೆನ್ನುಮೂಳೆ ಮುರಿದವರದು ಬೇರೆ ಕಪಾಟು, ಅದನ್ನು ನಾನೇ ಜೋಡಿಸಿದ್ದೆ. ಎಕ್ಸ್‌-ರೇ ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ, ಗುಜರಿಯವರು ಕೇಜಿ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಾರೆ. ನಾನು ರಜೆ ಮುಗಿಸಿ ಬರುವಷ್ಟರಲ್ಲಿ ಕೋಣೆ ಖಾಲಿ, ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಟೆಂಡರ್ ಆಗಿತ್ತಂತೆ, ನಿಯಮದ ಪ್ರಕಾರವೇ ಆಗಿತ್ತಂತೆ. ಅದರ ಹಿಂದಿನ ತಿಂಗಳಷ್ಟೇ ಒಬ್ಬ ಪ್ರೊಫೆಸರ್ ಬಂದು, ಹತ್ತು ವರ್ಷದ ಹಿಂದೆ ಬೆನ್ನು ಮುರಿದು ಆಪರೇಷನ್ ಇಲ್ಲದೆ ಬರೀ ಮಲಗಿಸಿ ವಾಸಿ ಮಾಡಿದವರ ಫಿಲ್ಮು ಬೇಕು, ಅವರನ್ನು ಹುಡುಕಿ ಈಗ ಹೇಗಿದ್ದಾರೆ ನೋಡಬೇಕು ಅಂದಿದ್ದರು. ಅವರಿಗೆ ಕೊಡಲು ಉಳಿದದ್ದು ರಿಜಿಸ್ಟರ್ ಮಾತ್ರ. ಉಳಿದ ಫಿಲ್ಮುಗಳು ರೋಗಿಗಳ ಮನೆಯ ಟ್ರಂಕಿನ ಮೇಲೆ ಇರುತ್ತವೆ, ಗ್ರಹಣ ಬಂದಾಗ ಮಕ್ಕಳು ಅದರಲ್ಲಿ ಸೂರ್ಯನನ್ನು ನೋಡುತ್ತವೆ. (ನೋಡಬಾರದು, ಕಣ್ಣು ಹೋಗುತ್ತದೆ.) ಈಗ ಎಲ್ಲ ಕಂಪ್ಯೂಟರಿನಲ್ಲಿ ಉಳಿಯುತ್ತದೆ ಅನ್ನುತ್ತಾರೆ. ಸರ್ವರ್ ತುಂಬಿದಾಗ ಏನು ಅಳಿಸುತ್ತಾರೆ ಅಂತ ಒಂದು ಸಲ ಕೇಳಿ ನೋಡಿ.

ಎಂಆರ್‌ಐ ಬಗ್ಗೆ ಒಂದು ಮಾತು, ಇದು ನಿಮ್ಮ ಓದುಗರಿಗೆ ನಾಳೆಯೇ ಉಪಯೋಗಕ್ಕೆ ಬರುತ್ತದೆ. ‘ಡಿಸ್ಕ್ ಬಲ್ಜ್’ (ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ) ಅಂತ ರಿಪೋರ್ಟಿನಲ್ಲಿ ನೋಡಿ ರಾತ್ರಿ ನಿದ್ದೆ ಬಿಟ್ಟವರು ಎಷ್ಟು ಜನ! 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನಕ್ಕೆ ಎಂಆರ್‌ಐ ಮಾಡಿದರು. ಅರ್ಧಕ್ಕಿಂತ ಜಾಸ್ತಿ, ಶೇಕಡ 52 ಜನರಲ್ಲಿ, ಒಂದಾದರೂ ಡಿಸ್ಕ್ ಉಬ್ಬಿತ್ತು. 2015ರಲ್ಲಿ ಇಂಥ 33 ಅಧ್ಯಯನಗಳನ್ನು ಒಟ್ಟು ಸೇರಿಸಿ, ನೋವಿಲ್ಲದ 3,110 ಜನರ ಲೆಕ್ಕ ತೆಗೆದರು. 20 ವರ್ಷದವರಲ್ಲೇ ಶೇಕಡ 37 ಜನಕ್ಕೆ ಡಿಸ್ಕ್ ಸವೆದಿತ್ತು, 80ರವರಲ್ಲಿ ಶೇಕಡ 96. ತಲೆ ಕೂದಲು ನೆರೆಯುವ ಹಾಗೆ ಅದು. ಏನೂ ನೋವಿಲ್ಲದೆ, ತಮಗೆ ಯಾವ ಲಾಭವೂ ಇಲ್ಲದೆ, ಆ ಡಬಡಬ ಸದ್ದಿನ ಗುಹೆಯೊಳಗೆ ಅರ್ಧ ಗಂಟೆ ಅಲ್ಲಾಡದೆ ಮಲಗಿದವರ ಪುಣ್ಯ. ಅವರು ‘ಇಲಿ ಆಗಲ್ಲ’ ಅಂದಿದ್ದರೆ ಇವತ್ತು ಬಲ್ಜ್ ಅಂದ ಕೂಡಲೇ ಕತ್ತರಿ ಹಿಡಿಯುವವರನ್ನು ತಡೆಯಲು ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಕಾಲಿಗೆ ಎಳೆಯುವ ಸಯಾಟಿಕಾ ನೋವಿಗೂ ಹೀಗೇ. ನೆದರ್‌ಲೆಂಡ್ಸ್‌ನವರು 2007ರಲ್ಲಿ 283 ಜನರನ್ನು ಎರಡು ಭಾಗ ಮಾಡಿ ಒಬ್ಬರಿಗೆ ಬೇಗ ಆಪರೇಷನ್, ಇನ್ನೊಬ್ಬರಿಗೆ ಕಾದು ನೋಡುವುದು ಅಂತ ಇಟ್ಟರು. ಆಪರೇಷನ್ ಆದವರಿಗೆ ನೋವು ಬೇಗ ಇಳಿಯಿತು. ಕಾದವರಲ್ಲಿ ಶೇಕಡ 39 ಜನ ತಡೆಯದೆ ಆಮೇಲೆ ಆಪರೇಷನ್ನಿಗೇ ಹೋದರು. ಆದರೆ ವರ್ಷಕ್ಕೆ ನೋಡಿದರೆ ಎರಡೂ ಕಡೆ ಶೇಕಡ 95 ಜನ ಆರಾಮು. ವರ್ಷದ ಕೊನೆಗೆ ಜನ ತಿರುಗಿ ಬಂದು ಹೇಳಿದ್ದಕ್ಕೆ ತಾನೇ ಇದು ಗೊತ್ತಾದದ್ದು.

ಇಷ್ಟೆಲ್ಲ ಉಪದೇಶ ಮಾಡುವ ನಾನು ಏನು ಮಾಡಿದೆ, ಅದನ್ನೂ ಹೇಳದಿದ್ದರೆ ಅನ್ಯಾಯ. ನಿವೃತ್ತಿ ಆಗಿ ಮೂರು ವರ್ಷಕ್ಕೆ ನನ್ನ ಬೆನ್ನೇ ಕೈಕೊಟ್ಟಿತು. ಸೀಸದ ಏಪ್ರನ್ ಹೊತ್ತ ಬೆನ್ನು, ಸುಮ್ಮನೆ ಬಿಡುತ್ತದಾ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಪಿ.ಜಿ. ಹುಡುಗ ಬಂದು ಥೀಸಿಸ್‌ಗೆ ಒಪ್ಪಿಗೆ ಕೇಳಿದ. ಕನ್ನಡದಲ್ಲೇ ಪತ್ರ ಇತ್ತು, ಪೂರ್ತಿ ಓದಿ, ಎರಡು ಕಾಗುಣಿತ ತಪ್ಪು ತಿದ್ದಿ, ಸಹಿ ಹಾಕಿದೆ. ಆರು ವಾರಕ್ಕೆ ಹೋದೆ. ಮೂರು ತಿಂಗಳಿಗೆ ಫೋನ್ ಬಂತು, “ಬರ್ತೀನಪ್ಪ” ಅಂದೆ. ಮನೆಯಲ್ಲಿ ತಂಗಿ ಮಗಳ ಮದುವೆ, ಆಮೇಲೆ ಕಾರ್ತಿಕ, ಆಮೇಲೆ ಮಳೆ. ಆರು ತಿಂಗಳಿಗೆ ಫೋನ್ ಬಂದಾಗ ನಂಬರ್ ನೋಡಿಯೂ ಎತ್ತಲಿಲ್ಲ. ನಾಚಿಕೆ ಆಗಿತ್ತು. 31 ವರ್ಷ ಇನ್ನೊಬ್ಬರನ್ನು ಬೈದವನು ಆ ಹುಡುಗನ ಪುಸ್ತಕದಲ್ಲಿ ‘ಮರಳಿ ಬಾರದವರು’ ಅನ್ನುವ ಸಾಲಿನಲ್ಲಿ ಒಂದು ಸಂಖ್ಯೆ ಆದೆ.

ಆದರೆ ಆಸ್ಪತ್ರೆಯೂ ನನಗೆ ಏನೂ ಹೇಳಲಿಲ್ಲ. ನನ್ನ ಥರದ ಎಷ್ಟು ಜನಕ್ಕೆ ಆಪರೇಷನ್ ಆಯಿತು, ಯಾರಿಗೆ ಏನಾಯಿತು, ಅವರ ಥೀಸಿಸ್‌ನಿಂದ ಏನು ತಿಳಿಯಿತು, ಒಂದು ಎ-4 ಹಾಳೆ ಕನ್ನಡದಲ್ಲಿ ಕಳಿಸಿದ್ದರೆ ನಾನು ಗೋಡೆಗೆ ಅಂಟಿಸಿಕೊಳ್ಳುತ್ತಿದ್ದೆ. ವಾಟ್ಸ್ಆ್ಯಪ್‌ನಲ್ಲಿ ದಿನಾ ಬೆಳಿಗ್ಗೆ ಯಾರ್‍ಯಾರೋ ಹೂವು ಕಳಿಸುತ್ತಾರೆ, ಅದರಲ್ಲಿ ಇದೊಂದು ಕಳಿಸಲು ಏನು ಖರ್ಚು? ಮೆಡಿಕಲ್ ಕಾಲೇಜುಗಳಲ್ಲಿ ಥೀಸಿಸ್ ಬೈಂಡ್ ಮಾಡಿಸುವಾಗ ಆ ಒಂದು ಹಾಳೆಯನ್ನೂ ಕಡ್ಡಾಯ ಮಾಡಿ. ಹುಡುಗ ಪಾಸಾಗಿ ಹೋದ ಮೇಲೆ ಅವನ ರೋಗಿಗಳ ಪಟ್ಟಿಯನ್ನು ಮುಂದಿನ ಬ್ಯಾಚಿನವನಿಗೆ ಕೊಡಿ, ಎರಡನೇ ವರ್ಷದ ಫಲಿತಾಂಶ ಅವನು ಬರೆಯಲಿ. ನಂಬರ್ ತೆಗೆದುಕೊಳ್ಳುವಾಗ ಮಗನದು, ಪಕ್ಕದ ಮನೆಯವರದು, ಊರಿನ ಆಶಾ ಕಾರ್ಯಕರ್ತೆಯದು ಅಂತ ಮೂರು ತೆಗೆದುಕೊಳ್ಳಿ. ಚೆನ್ನಾಗಿದ್ದವರನ್ನು ಬರಿಸಬೇಡಿ, ಫೋನಿನಲ್ಲೇ ಕೇಳಿ. ಬರಲೇಬೇಕು ಅಂತಿದ್ದರೆ ಅವತ್ತು ಅವರಿಗೆ ಸಾಲು ಬೇಡ, ನೇರ ಒಳಗೆ ಬಿಡಿ, ಬಸ್ ಚಾರ್ಜ್ ಕೊಡಿ.

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಆ ‘ಇಲಿ’ ಪತ್ರ ಓದಿದ ಮೇಲೆ ನಾನೇ ಆ ಹುಡುಗನಿಗೆ ಫೋನ್ ಮಾಡಿದೆ. ನಂಬರ್ ಇನ್ನೂ ಇತ್ತು. ಅವನೀಗ ಪಾಸಾಗಿ ಕಲಬುರಗಿ ಕಡೆ ಕೆಲಸದಲ್ಲಿದ್ದಾನೆ. ಹೆಸರು ಹೇಳಿದ ಕೂಡಲೇ ಗುರುತು ಹಿಡಿದ. “ಕಾಗುಣಿತ ತಿದ್ದಿದ ಸರ್ ಅಲ್ವಾ!” ಥೀಸಿಸ್ ಬೈಂಡ್ ಆಗಿ ಎರಡು ವರ್ಷ ಆಯಿತು ಸರ್, ಈಗ ಸೇರಿಸೋಕೆ ಆಗಲ್ಲ ಅಂದ. ತಪ್ಪಾಯ್ತಪ್ಪ ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನೇ ಕೇಳಿದ.

“ಇರ್ಲಿ ಸರ್, ಈಗ ನೋವು ಎಷ್ಟಿದೆ?”

“ನಾಲ್ಕಾಣೆ” ಅಂದೆ.

ಒಂದು ಕ್ಷಣ ಲೆಕ್ಕ ಹಾಕಿದ. “ಎರಡೂವರೆ ಅಂತ ಬರ್ಕೊಳ್ತೀನಿ ಸರ್.”

ಇಂತಿ,
ನಿಮ್ಮ ಹಳೇ ಓದುಗ,
ನಿವೃತ್ತ ಎಕ್ಸ್‌-ರೇ ತಂತ್ರಜ್ಞ, ಚಿತ್ರದುರ್ಗ ಜಿಲ್ಲೆ